ವೀಳ್ಯದೆಲೆಯ ರೋಗಗಳನ್ನು ಗುರುತಿಸುವ ಬಗೆ

ವೀಳ್ಯದೆಲೆಯಿಲ್ಲದೆ ನಮ್ಮ ನಾಡಿನಲ್ಲಿ ಯಾವ ಶುಭಕಾರ್ಯವೂ ನಡೆಯುವುದಿಲ್ಲವೆಂಬುದನ್ನು ವಾಚಕರಿಗೆ ಹೊಸದಾಗಿ ತಿಳಿಸಬೇಕಾದುದೇನೂ ಇಲ್ಲ. ರಾಗಿ, ಭತ್ತ ಮೊದಲಾದ ಪೈರುಗಳಲ್ಲಿ ಎಲೆಗೆ ಸ್ವಲ್ಪ ರೋಗವು ತಗುಲಿದರೂ ಕಾಳು ಕೈಗೆ ಬರುವುದುಂಟು. ವೀಳ್ಯದ ತೋಟದಲ್ಲಿ ಹಾಗಲ್ಲ. ಇಲ್ಲಿ ಎಲೆಯೇ ಫಸಲು. ಮೈಸೂರಿನ ಚಿಗುರೆಲೆಯಾಗಲಿ, ಸವಣೂರಿನ ಎಲೆಯಾಗಲಿ, ಹೊನ್ನಾವರದ ಕಡೆಯ ಎಲೆಯಾಗಲಿ, ಕವಳೆಯಲ್ಲಿ ನಾಲ್ಕು ಚುಕ್ಕೆಯ ಎಲೆಗಳು ಕಂಡರೆ ಕೊಳ್ಳುವವನು ಇಡೀ ಕವಳೆಯ ಬೆಲೆಯನ್ನೇ ಇಳಿಸುವನು. ಆದಕಾರಣ ಎಲೆಯ ಮೇಲೆ ಒಂದು ಕಲೆ ಕಂಡೊಡನೆ ತೋಟದ ಯಜಮಾನರು ಗಾಬರಿಗೊಂಡು ಪೇಟೆಗೆ ಹೋಗಿ, ಅಂಗಡಿಯವನು ಕೊಟ್ಟ ಔಷಧವನ್ನು ತಂದು ಸಿಂಪಡಿಸುವುದು ವಾಡಿಕೆಯಾಗಿದೆ. ಇದರಿಂದ ಹಣವು ವ್ಯರ್ಥವಾಗುವುದಷ್ಟೇ ಅಲ್ಲ, ನಿಜವಾದ ರೋಗವು ಬೇರೂರುವುದಕ್ಕೆ ಬೇಕಾದ ಕಾಲಾವಕಾಶವೂ ದೊರೆಯುವುದು.

ಕೆಲವು ವರ್ಷಗಳ ಹಿಂದೆ ಈ ಲೇಖಕನು ಒಬ್ಬ ಭೂಮಾಲೀಕರ ಅರ್ಧ ಎಕರೆ ಎಲೆತೋಟವನ್ನು ನೋಡಲು ಹೋಗಿದ್ದನು. ತೋಟದ ಒಂದು ಮೂಲೆಯಲ್ಲಿ ಹಂಬುಗಳು ಬಿಳಿಚಿಕೊಂಡು, ಎಲೆಗಳು ಅಂಗೈಯಗಲಕ್ಕೂ ಬಾರದೆ ಸಣ್ಣಗಾಗಿದ್ದವು. ಗೊಬ್ಬರ ಸಾಲದೆಂದು ಯಜಮಾನರು ಎರಡು ಸಲ ಯೂರಿಯಾ ಕೊಟ್ಟಿದ್ದರು. ಎಂಟು ಹತ್ತು ದಿನ ಎಲೆಗಳು ಹಸುರಾದಂತೆ ತೋರಿ ಮತ್ತೆ ಹಳದಿಯಾದುವು. ಅನಂತರ ಹುಳುವಿನ ಬಾಧೆಯೆಂದು ಒಂದು ವಿಷೌಷಧ, ಅದಾದ ಮೇಲೆ ಬೂಷ್ಟಿನ ಬಾಧೆಯೆಂದು ಮತ್ತೊಂದು. ಇಷ್ಟೆಲ್ಲ ನಡೆದರೂ ಹಂಬಿನ ಬೇರನ್ನು ಅಗೆದು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಗುದ್ದಲಿಯಿಂದ ಸ್ವಲ್ಪ ಮಣ್ಣನ್ನು ಸರಿಸಿ ಬೇರನ್ನು ತೊಳೆದಾಗ ಜಪಮಣಿ ಪೋಣಿಸಿದಂತೆ ಗಂಟುಗಳು ಕಂಡವು. ಆ ವೇಳೆಗೆ ಮುಂಗಾರು ಹಿಡಿದಿತ್ತು. ಗಂಟುಬಿದ್ದು ಬಿರಿದ ಬೇರುಗಳ ಮೂಲಕ ಬುಡಕೊಳೆಯು ಒಳಹೊಕ್ಕು, ಮಳೆಗಾಲವು ಮುಗಿಯುವುದರೊಳಗೆ ಮೂರರಲ್ಲಿ ಎರಡು ಪಾಲು ಹಂಬುಗಳು ಒಣಗಿಹೋದುವು. ಆ ಯಜಮಾನರು ಅಲಕ್ಷ್ಯ ಮಾಡಿದವರಲ್ಲ. ಶ್ರಮವನ್ನೂ ಹಣವನ್ನೂ ಧಾರಾಳವಾಗಿ ವೆಚ್ಚಮಾಡಿದವರು. ಎಲೆಯನ್ನು ನೋಡಿದರೇ ಹೊರತು ಬುಡವನ್ನು ನೋಡಲಿಲ್ಲ, ಅಷ್ಟೆ.

ಮೊದಲು ನೋಡತಕ್ಕದ್ದು

ರೋಗದ ಎಲೆಯೊಂದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಯೋಚಿಸುವುದು ಸರಿಯಾದ ಆರಂಭವಲ್ಲ. ಮೊದಲು ತೋಟದ ಅಂಚಿನಲ್ಲಿ ನಿಂತು, ತೊಂದರೆಯು ಎಲ್ಲೆಲ್ಲಿದೆಯೆಂದು ನೋಡಬೇಕು. ತೋಟವೆಲ್ಲ ಒಂದೇ ಸಮನಾಗಿ ಬಿಳಿಚಿದ್ದರೆ ಆಹಾರದ ಕೊರತೆಯನ್ನೋ ನೀರಿನ ದೋಷವನ್ನೋ ಶಂಕಿಸಬಹುದು. ಒಂದು ಕಡೆ ಬಟ್ಟಲಿನಾಕಾರವಾಗಿ ತೋರಿ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಹರಡುತ್ತಿದ್ದರೆ ದೋಷವು ಬೇರಿನಲ್ಲಿರುವುದೆಂದು ತಿಳಿಯತಕ್ಕದ್ದು. ಕಾಲುವೆಯ ನೀರು ಹರಿಯುವ ದಾರಿಯನ್ನೇ ಹಿಡಿದು, ಇಲ್ಲವೆ ನೀರು ನಿಲ್ಲುವ ತಗ್ಗಿನಲ್ಲಿ ಹಂಬುಗಳು ಸಾಯುತ್ತಿದ್ದರೆ ಅದು ಬಹುಮಟ್ಟಿಗೆ ಕೊಳೆರೋಗವೇ ಸರಿ. ಪಡುವಣ ಬಿಸಿಲು ಬೀಳುವ ಸಾಲುಗಳಲ್ಲಿ ಮಾತ್ರ ಕಲೆಗಳಿದ್ದರೆ ಅದನ್ನು ರೋಗವೆನ್ನುವ ಮೊದಲು ನೆರಳಿನ ಮರಗಳ ಕಡೆಗೆ ತಲೆಯೆತ್ತಿ ನೋಡುವುದು ಒಳ್ಳೆಯದು.

ಅನಂತರ ಒಂದು ಹಂಬನ್ನು ಆರಿಸಿಕೊಂಡು ಕುಡಿಯಿಂದ ಬುಡದವರೆಗೆ ನೋಡಬೇಕು. ತೊಂದರೆಯು ಕೆಳಗಿನ ಮುದಿ ಎಲೆಗಳಲ್ಲಿದೆಯೋ, ಕುಡಿಯ ಎಳೆಯ ಎಲೆಗಳಲ್ಲಿದೆಯೋ, ಅಥವಾ ಇಡೀ ಹಂಬೇ ಒಮ್ಮೆಗೆ ಜೋತುಬಿದ್ದಿದೆಯೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ಕೆಲಸವು ಮುಗಿದಂತೆಯೇ. ಆಮೇಲೆ ಎಲೆಯನ್ನು ಮಗುಚಿ ಬೆನ್ನನ್ನು ನೋಡತಕ್ಕದ್ದು. ಕೊನೆಯದಾಗಿ, ಮಣ್ಣಿಗೆ ತಾಗುವ ಕಡೆ ಹಂಬಿನ ಸಿಪ್ಪೆಯನ್ನು ಉಗುರಿನಿಂದ ಕೆರೆದು, ಗೇಣುದ್ದ ಬೇರನ್ನು ತೆಗೆದು ತೊಳೆದು ಪರೀಕ್ಷಿಸಬೇಕು. ಒಂದು ಹಂಬಿನ ಕೆಲವು ಬೇರುಗಳು ಹೋದರೆ ತೋಟಕ್ಕೇನೂ ನಷ್ಟವಿಲ್ಲ.

ಚುಕ್ಕೆಯನ್ನು ಪರೀಕ್ಷಿಸುವುದಕ್ಕೆ ಯಾವ ಉಪಕರಣವೂ ಬೇಡದ ಎರಡು ಉಪಾಯಗಳುಂಟು. ಹಂಬಿನ ಮೇಲಿರುವಾಗಲೇ ಎಲೆಯ ಚುಕ್ಕೆಯ ಸುತ್ತ ಮಸಿಯಿಂದ ಒಂದು ಗೆರೆಯನ್ನೆಳೆದು ಮೂರು ದಿನ ಬಿಟ್ಟು ನೋಡಬೇಕು. ಚುಕ್ಕೆಯು ಗೆರೆಯನ್ನು ದಾಟಿದ್ದರೆ ಅದರಲ್ಲಿ ಜೀವವಿರುವ ರೋಗವಿದೆಯೆಂದರ್ಥ. ಮೂರು ನಾಲ್ಕು ಎಲೆಗಳಲ್ಲಿಯೂ ಚುಕ್ಕೆಯು ಇದ್ದಲ್ಲಿಯೇ ಇದ್ದರೆ ಬಿಸಿಲಿನಿಂದಲೋ, ಔಷಧದ ಸುಡುವಿಕೆಯಿಂದಲೋ, ಕೀಟವು ಚುಚ್ಚಿದುದರಿಂದಲೋ ಆದ ಗಾಯವಿರಬಹುದು. ಎರಡನೆಯದು, ಚುಕ್ಕೆಯ ಎಲೆಯನ್ನು ಒದ್ದೆ ಬಟ್ಟೆಯೊಡನೆ ಒಂದು ಡಬ್ಬಿಯಲ್ಲಿಟ್ಟು ಮುಚ್ಚಿ, ಮರುದಿನ ಬೆಳಗ್ಗೆ ತೆರೆದು ನೋಡುವುದು. ಕಲೆಯ ಅಂಚಿನಲ್ಲಿ ಅರಳೆಯಂತಹ ತೆಳುವಾದ ಬಿಳಿ ಎಳೆಗಳು ಕಂಡರೆ ಕೊಳೆಯ ಜಾತಿಯ ರೋಗವೆಂದು ಶಂಕಿಸಲು ಬಲವಾದ ಕಾರಣವಾಗುವುದು.

ಕಲೆಗಳ ವಿಚಾರ

ಎಲ್ಲಕ್ಕಿಂತ ಭಯಂಕರವಾದುದು ಕೊಳೆರೋಗ. ಇದನ್ನುಂಟುಮಾಡುವ ಸೂಕ್ಷ್ಮಜೀವಿಗೆ ಫೈಟಾಫ್ಥೊರಾ ಎಂದು ಹೆಸರು. ಅಡಕೆಯ ಕೊಳೆರೋಗವನ್ನು ಬಲ್ಲ ಮಲೆನಾಡಿನವರಿಗೆ ಇದು ಪರಕೀಯವಲ್ಲ. ಅದೇ ಕುಲದ ಇನ್ನೊಂದು ಜಾತಿ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆಯನ್ನು ಶಾಸ್ತ್ರೀಯವಾಗಿ ಪರಿಶೋಧಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ವೀಳ್ಯದ ಹಂಬಿನ ರೋಗಗಳನ್ನು ಕುರಿತು ಜೆ. ಎಫ್. ದಸ್ತೂರ್ ಅವರು ಅಂದಿನ ಮಧ್ಯಪ್ರಾಂತದ ತೋಟಗಳಲ್ಲಿ ಕೆಲಸಮಾಡಿ 1935ರಲ್ಲಿ ವಿಸ್ತಾರವಾದ ಪ್ರಬಂಧವನ್ನು ಬರೆದರು. ಈ ರೋಗದ ಬೀಜಾಣುಗಳಿಗೆ ನೀರಿನಲ್ಲಿ ಈಜುವ ಶಕ್ತಿಯುಂಟು. ಮಳೆಯ ಹನಿಯು ನೆಲಕ್ಕೆ ಬಡಿದು ಮಣ್ಣು ಸಿಡಿದಾಗ ಅವು ಎಲೆಗೆ ಹತ್ತುವುವು. ಆದುದರಿಂದ ಎಲೆಯ ಮೇಲಿನ ಕಲೆಗಳು ಮೊದಲು ನೆಲದಿಂದ ಮೊಣಕಾಲುದ್ದ, ಸೊಂಟದುದ್ದದೊಳಗಿನ ಎಲೆಗಳಲ್ಲಿಯೇ ತೋರುವುವು. ಕಲೆಯು ಬಿಸಿನೀರು ಬಿದ್ದಂತೆ ನೀರೂರಿ, ಅಂಚಿನಿಂದ ಅಥವಾ ತುದಿಯಿಂದ ಒಳಕ್ಕೆ ಕಂದುಬಣ್ಣವಾಗಿ ಬಹು ಬೇಗ ಹಬ್ಬುವುದು. ನಡುವೆ ಒಂದೆರಡು ದಿನ ಹೊಳವಾದರೆ ಕಲೆಯೊಳಗೆ ಬಳೆಗಳಂತಹ ಸುತ್ತುಗಳು ಕಾಣುವುವು.

ಆದರೆ ಇದೇ ರೋಗವು ಬುಡಕ್ಕೆ ಹತ್ತಿದಾಗ ಎಲೆಯ ಮೇಲೆ ಒಂದು ಚುಕ್ಕೆಯೂ ಇಲ್ಲದಿರಬಹುದೆಂಬುದನ್ನು ಮರೆಯಬಾರದು. ನಿನ್ನೆ ಹಸುರಾಗಿದ್ದ ಹಂಬು ಇಂದು ಕಾಂತಿಗುಂದಿ ಜೋತುಬೀಳುವುದು. ಕೆಲವೇ ದಿನಗಳಲ್ಲಿ ಎಲೆಗಳು ಹಳದಿಯಾಗಿ ಉದುರಿ ಹಂಬು ಒಣಗುವುದು. ನೀರು ಸಾಲದೆಂದು ಭ್ರಮಿಸಿ ಆಳುಗಳು ಇನ್ನಷ್ಟು ನೀರು ಕಟ್ಟುವರು. ಉರಿಯುವ ಮನೆಗೆ ಗಾಳಿ ಹಾಕಿದಂತೆ ಅದರಿಂದ ರೋಗವು ಇನ್ನೂ ಬಲಿಯುವುದು. ಮಣ್ಣು ಒದ್ದೆಯಾಗಿದ್ದೂ ಹಂಬು ಬಾಡಿದ್ದರೆ ನೀರನ್ನು ತಡೆದು ಬುಡವನ್ನು ಬಿಡಿಸಿ ನೋಡತಕ್ಕದ್ದು. ಸಿಪ್ಪೆಯು ಕಪ್ಪಾಗಿ, ಒತ್ತಿದರೆ ಜಾರಿ, ಕೊಳೆತ ಮೀನಿನಂತೆ ನಾತ ಹೊಡೆಯುತ್ತಿದ್ದರೆ ಸಂದೇಹವೇ ಬೇಡ. ಬುಡದಲ್ಲಿ ನಾತಕ್ಕೆ ಬದಲು ಬಿಳಿಯ ನೂಲಿನಂತಹ ಬೂಷ್ಟೂ ಅದರೊಡನೆ ಸಾಸಿವೆ ಕಾಳಿನಷ್ಟು ಕಂದು ಉಂಡೆಗಳೂ ಇದ್ದರೆ ಅದು ಇನ್ನೊಂದು ರೋಗ, ಸ್ಕ್ಲೆರೋಷಿಯಂ ಎಂಬುದು. ಆ ಉಂಡೆಗಳು ಮಣ್ಣಿನಲ್ಲಿ ಬಹುಕಾಲ ಬದುಕುವುದರಿಂದ ಬುಡದ ಮಣ್ಣನ್ನೂ ಹಂಬಿನೊಡನೆ ಎತ್ತಿ ಹೊರಗೆ ಹಾಕಬೇಕು.

ಚಿಬ್ಬುರೋಗದ ಕಲೆಯು ಚಿಕ್ಕದು, ಒಣಗಿದುದು, ಕಪ್ಪು ಬಣ್ಣದ್ದು, ಸುತ್ತಲೂ ಹಳದಿಯ ಅಂಚುಳ್ಳದ್ದು. ಕೊಳೆಯಂತೆ ಇದು ನೆಲದ ಬಳಿಯ ಎಲೆಗಳನ್ನೇ ಹುಡುಕುವುದಿಲ್ಲ. ಹಂಬಿನ ಕಾಂಡದ ಮೇಲೆಯೂ ಕಪ್ಪು ಪಟ್ಟೆಗಳಾಗಿ ಸುತ್ತಿಕೊಂಡು, ಅಲ್ಲಿಂದ ಮೇಲಿನ ಭಾಗವನ್ನು ಒಣಗಿಸುವುದು. ದುಂಡಾಣುವಿನ ಚುಕ್ಕೆಯನ್ನು ಇದರಿಂದ ಬೇರ್ಪಡಿಸುವುದು ಸ್ವಲ್ಪ ಕಷ್ಟ. ಅದಕ್ಕಾಗಿ ಎಲೆಯನ್ನು ಬೆಳಕಿಗೆ ಹಿಡಿದು ಬೆನ್ನಿನ ಕಡೆಯಿಂದ ನೋಡಬೇಕು. ದುಂಡಾಣುವಿನ ಚುಕ್ಕೆಯು ಮೊದಲು ಎಣ್ಣೆ ತಾಗಿದ ಕಾಗದದಂತೆ ಪಾರದರ್ಶಕವಾಗಿರುವುದು. ಮತ್ತು ನರಗಳನ್ನು ದಾಟಲಾರದೆ ನರಗಳ ನಡುವೆ ಮೂಲೆಮೂಲೆಯಾಗಿ ನಿಲ್ಲುವುದು. ಗುಂಡಗಿನ ಕಲೆಯಾದರೆ ಬೂಷ್ಟು, ಮೂಲೆಯುಳ್ಳ ಕಲೆಯಾದರೆ ದುಂಡಾಣು ಎಂದು ಸ್ಥೂಲವಾಗಿ ನೆನಪಿಡಬಹುದು. ದುಂಡಾಣು ರೋಗವಿರುವ ತೋಟದಲ್ಲಿ ಇಬ್ಬನಿ ಆರುವುದಕ್ಕೆ ಮುಂಚೆ ಎಲೆ ಕೊಯ್ಯಿಸತಕ್ಕದ್ದಲ್ಲ. ಕೊಯ್ಯುವವನ ಒದ್ದೆ ಕೈಯೇ ಅದರ ವಾಹನ.

ಬೂದಿರೋಗವನ್ನು ಯಾರೂ ತಪ್ಪಲಾರರು. ಎಲೆಯ ಬೆನ್ನಿನಲ್ಲಿ ಹಿಟ್ಟು ಚೆಲ್ಲಿದಂತಿದ್ದು ಬೆರಳಿಗೆ ಅಂಟುವುದು. ನೀರಿನಲ್ಲಿ ಕದಡುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ತಂಪುಹೊತ್ತಿನಲ್ಲಿ ಸಿಂಪಡಿಸಿದರೆ ಹತೋಟಿಗೆ ಬರುವುದು. ಬಿಸಿಲೇರಿದ ಮೇಲೆ ಹೊಡೆದರೆ ಗಂಧಕವೇ ಎಲೆಯನ್ನು ಸುಡುವುದು.

ಬಿಸಿಲಿನ ಕಲೆಯನ್ನು ಕುರಿತು ಒಂದು ಮಾತು. ಬೇಸಗೆಯ ಮೊದಲಲ್ಲಿ ಅಗಸೆ, ಹಾಲುವಾಣದ ಕೊಂಬೆಗಳನ್ನು ಮೇವಿಗಾಗಿ ಒಮ್ಮೆಗೇ ಸವರಿದ ತೋಟಗಳಲ್ಲಿ ಇದು ಸಾಮಾನ್ಯ. ಎಲೆಯ ನಡುವೆ ಕಾಗದದಂತೆ ಬಿಳಿಚಿ ಒಣಗಿದ ತೇಪೆಗಳು ಬಿಸಿಲಿನ ಮುಖಕ್ಕೆ ಮಾತ್ರ ಏಳುವುವು. ಅದೇ ಹಂಬಿನಲ್ಲಿ ಮೇಲಿನ ಎಲೆಯ ನೆರಳು ಬಿದ್ದ ಕೆಳಗಿನ ಎಲೆಯು ಚೊಕ್ಕಟವಾಗಿರುವುದನ್ನು ಕಂಡಾಗ ಔಷಧದ ಡಬ್ಬಿಯನ್ನು ಬದಿಗಿಟ್ಟು, ಮುಂದಿನ ವರ್ಷ ಕೊಂಬೆಗಳನ್ನು ಸರದಿಯ ಮೇಲೆ ಸವರುವ ಏರ್ಪಾಡು ಮಾಡಿಕೊಂಡರೆ ಸಾಕು.

ಹಳದಿ ಬಣ್ಣದ ವಿಚಾರ

ಹಳದಿಯಾಗುವುದು ರೋಗವಲ್ಲ, ರೋಗದ ಕೂಗು. ಕೂಗಿದವರು ಯಾರೆಂದು ತಿಳಿಯಬೇಕು.

ಮುದಿ ಎಲೆಗಳು ನರಸಹಿತವಾಗಿ ಒಂದೇ ಸಮನೆ ಬಿಳಿಚಿ, ಕುಡಿಯು ಹಸುರಾಗಿಯೇ ಇದ್ದರೆ ಸಾರಜನಕದ ಕೊರತೆ. ಹಂಬು ತನಗೆ ಸಾಲದಾದಾಗ ಮುದಿ ಎಲೆಯಿಂದ ಎತ್ತಿ ಎಳೆಯ ಎಲೆಗೆ ಕೊಡುವುದರಿಂದ ಹೀಗಾಗುವುದು. ಕೊಟ್ಟಿಗೆ ಗೊಬ್ಬರ, ಹಿಂಡಿ, ಹಸುರು ಸೊಪ್ಪು ಇವುಗಳಿಂದ ಇದನ್ನು ತುಂಬಿಕೊಡುವುದು ಮೇಲು. ಮುದಿ ಎಲೆಗಳಲ್ಲಿಯೇ ನರಗಳು ಹಸುರಾಗಿದ್ದು ನಡುನಡುವೆ ಹಳದಿಯಾದರೆ ಮೆಗ್ನೀಸಿಯಂ ಸಾಲದು. ಇದಕ್ಕೆ ವಿರುದ್ಧವಾಗಿ ಮುದಿ ಎಲೆಗಳು ಹಸುರಾಗಿದ್ದು, ಕುಡಿಯ ಎಲೆಗಳು ನರವೊಂದನ್ನು ಬಿಟ್ಟು ಬೆಣ್ಣೆಯ ಬಣ್ಣಕ್ಕೆ ತಿರುಗಿದರೆ ಕಬ್ಬಿಣದ ಕೊರತೆ. ಕಬ್ಬಿಣವನ್ನು ಹಂಬು ಮುದಿ ಎಲೆಯಿಂದ ಹಿಂದಕ್ಕೆ ಸೆಳೆಯಲಾರದು. ಸುಣ್ಣಕಲ್ಲಿನ ಭೂಮಿಯಲ್ಲಿಯೂ ಚೌಳಿನ ಭೂಮಿಯಲ್ಲಿಯೂ ಇದು ಹೆಚ್ಚು. ಅಲ್ಲಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದೊರೆಯದು. ಆದಕಾರಣ ಕೊಯ್ಲಾದ ಮೇಲೆ ಅನ್ನಭೇದಿಯನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ ಎಲೆಯ ಮೇಲೆಯೇ ಸಿಂಪಡಿಸುವುದು ಕ್ರಮ. ಎಲೆಯ ಅಂಚುಗಳು ಮಾತ್ರ ಸುಟ್ಟಂತೆ ಕಂದಿದರೆ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕು. ಬೇಸಗೆಯಲ್ಲಿ ಉಪ್ಪಾಗುವ ಬಾವಿಗಳು ಕರಾವಳಿಯಲ್ಲಷ್ಟೇ ಇರುವುದೆಂದು ಭಾವಿಸಬಾರದು.

ಇನ್ನು ಮೇಲೆ ಹೇಳಿದ ಬೇರುಗಂಟು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಜಂತುಹುಳುಗಳು ಬೇರನ್ನು ಹೊಕ್ಕು ಅದನ್ನು ಗಂಟುಗಂಟಾಗಿ ಊದಿಸುವುವು. ಮೇಲಿನಿಂದ ನೋಡಿದರೆ ಗೊಬ್ಬರದ ಕೊರತೆಯಂತೆಯೇ ತೋರುವುದು; ಆದರೆ ಗೊಬ್ಬರ ಕೊಟ್ಟರೂ ನಿಲ್ಲದು, ಎಲೆಯ ಗಾತ್ರವು ಕುಗ್ಗುತ್ತ ಹೋಗುವುದು, ತೋಟವೆಲ್ಲ ಹರಡದೆ ತೇಪೆಯಾಗಿ ಇರುವುದು. ಬೇರನ್ನು ಅಗೆಯುವಾಗ ಒಂದು ಮೋಸಕ್ಕೆ ಎಚ್ಚರವಾಗಿರಬೇಕು. ಅಗಸೆಯು ದ್ವಿದಳ ಜಾತಿಯ ಮರವಾದುದರಿಂದ ಅದರ ಬೇರಿನಲ್ಲಿ ಸಾರಜನಕವನ್ನು ಕೂಡಿಡುವ ಒಳ್ಳೆಯ ಗಂಟುಗಳಿರುವುವು. ಹಂಬಿನ ಬೇರೂ ಅಗಸೆಯ ಬೇರೂ ಹೆಣೆದುಕೊಂಡಿರುವ ಕಡೆ ಅವನ್ನೇ ರೋಗವೆಂದು ತಿಳಿದು ಗಾಬರಿಗೊಂಡವರುಂಟು. ಉಗುರಿನಿಂದ ಒತ್ತಿದರೆ ಬೇರಿನಿಂದ ಕಳಚಿ ಬೀಳುವುದು ಒಳ್ಳೆಯ ಗಂಟು. ಬೇರೇ ಊದಿಕೊಂಡು, ಬೇರನ್ನು ಮುರಿಯದೆ ಬಿಡಿಸಲಾಗದುದು ಜಂತುಹುಳುವಿನ ಗಂಟು.

ಗಂಟುಬಿದ್ದ ಹಂಬನ್ನು ಪೂರ್ತಿಯಾಗಿ ಗುಣಪಡಿಸುವ ಉಪಾಯವಿಲ್ಲ. ಎಕರೆಗೆ 400 ಕಿಲೋಗ್ರಾಂನಷ್ಟು ಬೇವಿನ ಹಿಂಡಿಯನ್ನು ಬುಡಗಳಿಗೆ ಹಂಚಿ ಮಣ್ಣಿನಲ್ಲಿ ಬೆರೆಸುವುದು, ಸಾಲುಗಳ ನಡುವೆ ಚೆಂಡುಹೂವಿನ ಗಿಡಗಳನ್ನು ಹಾಕುವುದು, ಬದನೆ, ಟೊಮೇಟೊ, ಬೆಂಡೆಗಳನ್ನು ತೋಟದೊಳಗೆ ಬೆಳೆಯದಿರುವುದು, ಇವುಗಳಿಂದ ಬಾಧೆಯನ್ನು ಕಡಿಮೆಮಾಡಬಹುದು. ಹಳೆಯ ತೋಟವನ್ನು ತೆಗೆದ ಭೂಮಿಗೆ ನೀರಿನ ಅನುಕೂಲವಿದ್ದರೆ ಒಂದೆರಡು ಬೆಳೆ ಭತ್ತವನ್ನು ಮಾಡಿ ಅನಂತರ ಹೊಸ ಹಂಬನ್ನಿಡುವುದು ಬಹಳ ಪ್ರಯೋಜನಕಾರಿ. ನಿಂತ ನೀರಿನಲ್ಲಿ ಈ ಹುಳುಗಳು ಬಹುಮಟ್ಟಿಗೆ ಸಾಯುವುವು.

ಕೀಟಗಳ ಪೈಕಿ ಶಲ್ಕಕೀಟವು ತೊಟ್ಟು, ನರ, ಕಾಂಡಗಳ ಮೇಲೆ ಸಣ್ಣ ಚಿಪ್ಪುಗಳಂತೆ ಅಂಟಿಕೊಂಡಿರುವುದು. ಇರುವೆಗಳು ಸಾಲಾಗಿ ಹಂಬನ್ನೇರುತ್ತಿದ್ದು ಎಲೆಗಳ ಮೇಲೆ ಕಾಡಿಗೆಯಂತಹ ಮಸಿ ಹಿಡಿದಿದ್ದರೆ ಮೇಲೆಲ್ಲೋ ಹಿಟ್ಟುತಿಗಣೆಯಿದೆಯೆಂದು ತಿಳಿಯತಕ್ಕದ್ದು. ಈ ಬಗೆಯ ರಸ ಹೀರುವ ಕೀಟಗಳಿಗೆ 5 ಕಿಲೋಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ರಾತ್ರಿ ನೆನೆಯಿಟ್ಟು, ಸೋಸಿ, ಸ್ವಲ್ಪ ಸಾಬೂನನ್ನು ಸೇರಿಸಿ 100 ಲೀಟರು ಮಾಡಿ ಸಿಂಪಡಿಸುವುದು ಸಾಮಾನ್ಯವಾಗಿ ಸಾಕಾಗುವುದು.

ಔಷಧದ ವಿಚಾರ

ವೀಳ್ಯದೆಲೆಯನ್ನು ಬೇಯಿಸುವುದಿಲ್ಲ, ಸುಲಿಯುವುದಿಲ್ಲ. ಕೊಯ್ದ ದಿನವೋ ಮರುದಿನವೋ ಹಸಿಯಾಗಿ ಬಾಯಿಗೆ ಹೋಗುವುದು. ದೇವರ ಮುಂದಿಟ್ಟ ಎಲೆಯನ್ನು ಮಕ್ಕಳೂ ಬಾಣಂತಿಯರೂ ತಿನ್ನುವರು. ಗಿಡದೊಳಗೆ ಸೇರಿ ರಸದೊಡನೆ ಹರಿಯುವ ವಿಷಗಳು ಎಲೆಯನ್ನು ಎಷ್ಟು ತೊಳೆದರೂ ಹೋಗಲಾರವು. ತರಕಾರಿಗಳ ಮೇಲೆ ಮೊನೊಕ್ರೊಟೊಫಾಸ್ ಬಳಕೆಯನ್ನು ಸರ್ಕಾರವು 2005ರಲ್ಲಿಯೇ ನಿಷೇಧಿಸಿತು; ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಡೆಯಿತು. ಅಂತಹ ವಿಷಗಳನ್ನು ಎಲೆತೋಟದ ಬೇಲಿಯೊಳಗೆ ತರಲೇಬಾರದು. ರೋಗವನ್ನು ಗುರುತಿಸುವುದರಲ್ಲಿ ಇಷ್ಟು ಜಾಗರೂಕತೆ ಬೇಕೆಂದು ಹೇಳುವುದಕ್ಕೆ ಇದೇ ಮುಖ್ಯ ಕಾರಣ. ಬಿಸಿಲಿನ ಕಲೆಗೆ ಹೊಡೆದ ವಿಷವು ಕಲೆಯನ್ನು ವಾಸಿಮಾಡದು, ತಿನ್ನುವವನ ಹೊಟ್ಟೆಯನ್ನು ಮಾತ್ರ ಸೇರುವುದು.

ಕೊಳೆ, ಚಿಬ್ಬುಗಳಿಗೆ ಇಂದಿಗೂ ನಂಬತಕ್ಕದ್ದು ಬೋರ್ಡೋ ದ್ರಾವಣ. ಬುಡಕ್ಕೆ ಹಾಕುವುದಾದರೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಟ್ಟ ಸುಣ್ಣ, 100 ಲೀಟರು ನೀರು. ಎಲೆಗೆ ಸಿಂಪಡಿಸುವುದಾದರೆ ಮೈಲುತುತ್ತವೂ ಸುಣ್ಣವೂ ಇದರ ಅರ್ಧದಷ್ಟು ಸಾಕು. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರು ನೀರಿನಲ್ಲಿ ತೂಗಬಿಟ್ಟು ಕರಗಿಸಬೇಕು. ಇನ್ನೊಂದು ಪಾತ್ರೆಯ 50 ಲೀಟರಿನಲ್ಲಿ ಸುಣ್ಣವನ್ನು ಅರಳಿಸಿ ತಿಳಿಗೊಳಿಸಿ ಸೋಸಿಕೊಳ್ಳಬೇಕು. ಅನಂತರ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತ ಕಲಕತಕ್ಕದ್ದು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಲೋಹದ ಪಾತ್ರೆ ಕೂಡದು. ಉಜ್ಜಿದ ಕಬ್ಬಿಣದ ಕುಡುಗೋಲನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರವು ಹತ್ತಿದ್ದರೆ ಇನ್ನೂ ಸುಣ್ಣ ಬೇಕು. ಇಲ್ಲವಾದರೆ ಎಲೆ ಸುಡುವುದು. ಮಾಡಿದ ದಿನವೇ ಮುಗಿಸಬೇಕು. ಕೊಯ್ಲಿಗೆ ಬಂದ ಎಲೆಗಳನ್ನೆಲ್ಲ ಮೊದಲು ಕೊಯ್ದುಕೊಂಡು ಆಮೇಲೆ ಸಿಂಪಡಿಸಿ, ಕನಿಷ್ಠ ಮೂರು ವಾರ ಎಲೆಯನ್ನು ಮುಟ್ಟದಿರತಕ್ಕದ್ದು. ಮಳೆ ಹಿಡಿಯುವ ಮುಂಚೆ ಮಾಡಿದರೆ ಪ್ರಯೋಜನ. ಅರ್ಧ ತೋಟ ಒಣಗಿದ ಮೇಲೆ ಮಾಡಿದರೆ ಅದು ಸಮಾಧಾನಕ್ಕೆ ಮಾತ್ರ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಹಿಂಡಿಯೊಡನೆ ಬುಡಕ್ಕೆ ಕೊಡುವವರು ಬೋರ್ಡೋವನ್ನು ಅದರೊಡನೆಯೇ ಸುರಿದರೆ ಎರಡರ ಹಣವೂ ಹೋದಂತೆ, ಏಕೆಂದರೆ ತಾಮ್ರವು ಅದನ್ನೂ ಕೊಲ್ಲುವುದು.

ಗ್ರಾಮದ ಹಿರಿಯರಿಗೆ

ಕೊಳೆರೋಗವು ಒಬ್ಬನ ತೋಟದ ಬದುವನ್ನು ಮನ್ನಿಸುವುದಿಲ್ಲ. ಮೇಲಿನ ತೋಟದ ಬಸಿನೀರು ಕೆಳಗಿನ ತೋಟದ ಕಾಲುವೆಗೆ ಬಿದ್ದರೆ ರೋಗವೂ ಅದರೊಡನೆ ಇಳಿಯುವುದು. ಮೇಲಿನವನು ಸತ್ತ ಹಂಬುಗಳನ್ನು ಕಾಲುವೆಯ ಬದಿಯಲ್ಲಿ ರಾಶಿಹಾಕಿ, ಕೆಳಗಿನವನು ಸಾವಿರಾರು ರೂಪಾಯಿ ಔಷಧಕ್ಕೆ ಸುರಿಯುವುದನ್ನು ಅನೇಕ ಗ್ರಾಮಗಳಲ್ಲಿ ಕಾಣಬಹುದು. ಇದು ಔಷಧದಿಂದ ತೀರುವ ವ್ಯಾಜ್ಯವಲ್ಲ. ಮಳೆಗಾಲಕ್ಕೆ ಮುಂಚೆ ಎಲೆತೋಟದವರನ್ನೆಲ್ಲ ಕೂಡಿಸಿ, ಬಸಿಗಾಲುವೆಗಳನ್ನು ನೀರಾವರಿಯ ಕಾಲುವೆಯಿಂದ ಬೇರ್ಪಡಿಸುವ, ಸತ್ತ ಹಂಬನ್ನು ಬೇರುಸಹಿತ ಕಿತ್ತು ಸುಡುವ ಕಟ್ಟುಪಾಡನ್ನು ಮಾಡುವುದು ಗ್ರಾಮದ ಮುಖಂಡರಿಂದ ಮಾತ್ರ ಸಾಧ್ಯ. ಎಲೆಹಂಬನ್ನು ಬೀಜದಿಂದಲ್ಲ, ತುಂಡಿನಿಂದ ಬೆಳೆಯುವುದಾದಕಾರಣ ತಾಯಿಹಂಬಿನ ರೋಗವು ಹೊಸ ತೋಟಕ್ಕೆ ಸುಂಕವಿಲ್ಲದೆ ಬರುವುದು. ಕರಿಎಲೆಯಾಗಲಿ ಅಂಬಾಡಿಯಾಗಲಿ, ನಂಟರ ತೋಟವೆಂಬ ದಾಕ್ಷಿಣ್ಯಕ್ಕೆ ಒಳಗಾಗದೆ, ತುಂಡು ಕೊಡುವ ತೋಟದಲ್ಲಿ ಒಂದೆರಡು ಬೇರನ್ನು ಅಗೆದು ನೋಡಿಯೇ ತರತಕ್ಕದ್ದು.

ಇಷ್ಟು ನೋಡಿಯೂ ನಿಶ್ಚಯವಾಗದಿದ್ದರೆ ಸಮೀಪದ ತೋಟಗಾರಿಕೆ ಇಲಾಖೆಯ ಕಚೇರಿಗೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿಯನ್ನು ಒಯ್ಯಬಹುದು. ಪೂರ್ತಿ ಸತ್ತ ಹಂಬನ್ನು ಒಯ್ದರೆ ಉಪಯೋಗವಿಲ್ಲ. ಈಗತಾನೆ ಬಾಡಲಾರಂಭಿಸಿದ ಒಂದು ಹಂಬಿನ ಎಲೆ, ಬುಡ, ಬೇರು, ಹಿಡಿ ಮಣ್ಣು, ಹಾಗೂ ಹೋಲಿಸುವುದಕ್ಕೆ ಅದೇ ಸಾಲಿನ ಒಂದು ಆರೋಗ್ಯವಂತ ಹಂಬಿನ ಎಲೆ ಮತ್ತು ಬೇರು ಬೇಕು. ಎಲೆಗಳನ್ನು ಕಾಗದದಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ದಾರಿಯಲ್ಲಿಯೇ ಕೊಳೆತು ಬೇರೆ ಬೂಷ್ಟು ಹತ್ತುವುದು. ತೊಂದರೆಯು ತೋಟದ ಯಾವ ಭಾಗದಲ್ಲಿ, ಯಾವ ತಿಂಗಳಲ್ಲಿ ಮೊದಲು ಕಂಡಿತು, ಅಲ್ಲಿಗೆ ನೀರು ಎಲ್ಲಿಂದ ಬರುವುದು, ಈವರೆಗೆ ಯಾವ ಗೊಬ್ಬರ ಔಷಧಗಳನ್ನು ಕೊಟ್ಟಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿಡತಕ್ಕದ್ದು.